ಟೆಲಿಕನ್ವರ್ಟರ್ ಎಂಬ ಮಾಯಾಗಾಜು

ಮೊನ್ನೆ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. ಕೆಲಸಕ್ಕೆ ಸೇರಿ ವರ್ಷವಾಯ್ತು. ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಜೊತೆಗೊಂದು 70-300 ಝೂಮ್ ಲೆನ್ಸ್ ಕೊಂಡಿದ್ದಾನೆ. ಈಗ ಶನಿವಾರ ಬಂದರೆ ಸಾಕು, ಯಾವುದಾದರೂ ಕೆರೆ ದಂಡೆಯಲ್ಲಿ ಕೂತಿರ್ತಾನೆ.

"ಮಾಮ, ಹಕ್ಕಿ ಸಾಸಿವೆ ಕಾಳಿನಷ್ಟು ಬರ್ತಿದೆ. ಟೂ ಎಕ್ಸ್ ಟೆಲಿಕನ್ವರ್ಟರ್ ಹಾಕಿದ್ರೆ 300 ಹೋಗಿ 600 ಆಗುತ್ತಂತೆ. ತಗೊಂಡ್ಬಿಡ್ಲಾ?"

"ಬೇಡ ಕಣೋ" ಅಂದೆ.

"ಯಾಕೆ? 600 ಲೆನ್ಸಿನ ಬೆಲೆ ನೋಡಿದೀಯಾ?"

ನೋಡಿದ್ದೀನಿ. ಅದಕ್ಕೇ ತಾನೇ ನಾನೂ ಒಂದು ಕಾಲದಲ್ಲಿ ಅದೇ ಟೂ ಎಕ್ಸ್ ಕೊಂಡಿದ್ದು! ಫೋನಿನಲ್ಲಿ ಐದು ನಿಮಿಷ ಏನೇನೋ ಹೇಳಿದೆ. ಆ ಕಡೆಯಿಂದ "ಹ್ಞೂಂ.. ಹ್ಞೂಂ.." ಅಂತ ಬರ್ತಿತ್ತೇ ಹೊರತು ಅವನಿಗೆ ಒಪ್ಪಿಗೆಯಾಗಿಲ್ಲ ಅಂತ ಗೊತ್ತಾಗ್ತಿತ್ತು. ಹೋಗಲಿ, ಬರೆದೇ ಬಿಡೋಣ ಅಂತ ಕೂತೆ. ಕ್ಯಾಮೆರಾ ಹಿಡಿದು ಓಡಾಡುವ ನಿಮಗೂ ಉಪಯೋಗಕ್ಕೆ ಬರಬಹುದು. ಕ್ಯಾಮೆರಾ ಇಲ್ಲದವರು ಕರಡಿ ಕಥೆಯಷ್ಟನ್ನು ಓದಿಕೊಂಡು ಹೋಗಿ, ಬೇಜಾರಿಲ್ಲ :-)

ಮೊದಲು ಈ ವಸ್ತು ಏನು ಅಂತ ಹೇಳ್ತೀನಿ. ಲೆನ್ಸಿಗೂ ಕ್ಯಾಮೆರಾಕ್ಕೂ ಮಧ್ಯೆ ಕೂರುವ ಗೇಣುದ್ದವೂ ಇಲ್ಲದ ಒಂದು ಕೊಳವೆ. ಒಳಗೆ ಕೆಲವು ಗಾಜುಗಳಿರುತ್ತವೆ. ಲೆನ್ಸ್ ಕೊಟ್ಟ ಬಿಂಬದ ನಡುಭಾಗವನ್ನು ಹಿಗ್ಗಿಸಿ ಸೆನ್ಸರಿನ ಮೇಲೆ ಹರಡುವುದು ಅದರ ಕೆಲಸ. 1.4 ಎಕ್ಸ್ ಹಾಕಿದರೆ 300 ಎಂಎಂ ಲೆನ್ಸ್ 420 ಆಗುತ್ತದೆ, 2 ಎಕ್ಸ್ ಹಾಕಿದರೆ 600.

ಆದರೆ ಹಿಗ್ಗಿದ್ದು ಬಿಂಬ ಮಾತ್ರ, ಬೆಳಕಲ್ಲ. ಮನೆಗೆ ಅನಿರೀಕ್ಷಿತವಾಗಿ ನೆಂಟರು ಬಂದಾಗ ಅಮ್ಮ ಮಜ್ಜಿಗೆಗೆ ನೀರು ಬೆರೆಸುತ್ತಿದ್ದಳಲ್ಲ, ಹಾಗೆ. 1.4 ಎಕ್ಸ್ ಅಂದರೆ ಒಂದು ಲೋಟ ಮಜ್ಜಿಗೆಗೆ ಒಂದು ಲೋಟ ನೀರು, ಸೆನ್ಸರಿನ ಒಂದೊಂದು ಚುಕ್ಕೆಗೆ ಬೀಳುವ ಬೆಳಕು ಅರ್ಧ. 2 ಎಕ್ಸ್ ಅಂದರೆ ಒಂದು ಲೋಟಕ್ಕೆ ಮೂರು ಲೋಟ ನೀರು, ಬೆಳಕು ಕಾಲು ಭಾಗ. ಫೋಟೋಗ್ರಾಫರುಗಳ ಭಾಷೆಯಲ್ಲಿ ಒಂದು ಸ್ಟಾಪ್, ಎರಡು ಸ್ಟಾಪ್. 300ರ ತುದಿಯಲ್ಲಿ ಎಫ್/5.6 ಇರುವ ಲೆನ್ಸ್ 1.4ರ ಜೊತೆ ಎಫ್/8, 2ರ ಜೊತೆ ಎಫ್/11 ಆಗುತ್ತದೆ.

ಈಗ ಕರಡಿ ಕಥೆ.

2010ರ ಡಿಸೆಂಬರ್. ಹಂಪಿಗೆ ಹೋದವರು ಹತ್ತಿರವೇ ಇರುವ ದರೋಜಿ ಕರಡಿಧಾಮಕ್ಕೂ ಹೋದೆವು, ನಾನು ಮತ್ತು ನನ್ನಾಕೆ. ಅಲ್ಲಿ ಕರಡಿಕಲ್ಲು ಗುಡ್ಡದ ಎದುರಿಗೆ ಒಂದು ವೀಕ್ಷಣಾ ಗೋಪುರ ಇದೆ. ಮಧ್ಯಾಹ್ನ ಇಲಾಖೆಯವರು ಬಂಡೆಗಳ ಮೇಲೆ ಬೆಲ್ಲ ಬಳಿದು ಬರುತ್ತಾರೆ, ಬಿಸಿಲು ಇಳಿಯುವ ಹೊತ್ತಿಗೆ ಕರಡಿಗಳು ನೆಕ್ಕಲು ಬರುತ್ತವೆ. ಗೋಪುರದಿಂದ ಬಂಡೆ ದೂರ. ಹೋಗುವ ಮೊದಲೇ ಇದು ಗೊತ್ತಿದ್ದರಿಂದ ಆ ತಿಂಗಳ ಸಂಬಳದಲ್ಲಿ ಒಂದು ಟೂ ಎಕ್ಸ್ ಕೊಂಡಿದ್ದೆ. ನನ್ನ 70-300ಕ್ಕೆ ಕ್ಯಾಮೆರಾ ಕಂಪನಿಯದ್ದೇ ಟೆಲಿಕನ್ವರ್ಟರ್ ಕೂರಲ್ಲ ಅಂದರು. ಕೂರುವಂಥದ್ದು ಬೇರೆ ಕಂಪನಿಯದ್ದು ಸಿಕ್ಕಿತು. ಕಂಪನಿಯವರು ಯಾಕೆ ಕೂರದ ಹಾಗೆ ಮಾಡಿದ್ದಾರೆ ಅಂತ ಯೋಚಿಸುವ ಬುದ್ಧಿ ಆಗ ಇರಲಿಲ್ಲ.

ಐದು ಗಂಟೆಯ ಸುಮಾರಿಗೆ ಬಂಡೆಯ ಹಿಂದಿನಿಂದ ತಾಯಿ ಕರಡಿ ಬಂತು. ಬೆನ್ನ ಮೇಲೆ ಮರಿ!

"ರೀ, ಎರಡು ಮರಿ ಇದಾವೆ ನೋಡ್ರೀ!" ಅಂದಳು ನನ್ನಾಕೆ, ಬೈನಾಕ್ಯುಲರಿನಿಂದ ಕಣ್ಣು ತೆಗೆಯದೆ.

ನಾನು ನೋಡಬೇಕಲ್ಲ! ವ್ಯೂಫೈಂಡರ್ ಒಳಗೆ ಸಂಜೆ ಏಳೂವರೆಯಾದ ಹಾಗೆ ಕತ್ತಲು. ಎಫ್/11ರ ಕಿಂಡಿಯಿಂದ ಬಂದ ಬೆಳಕು ಅಷ್ಟೇ. ಫೋಕಸ್ ಮೋಟಾರು ಆ ತುದಿಯಿಂದ ಈ ತುದಿಗೆ ಗಿರ್ರ್.. ಗಿರ್ರ್.. ಅಂತ ಓಡಾಡುತ್ತಿದೆ, ಎಲ್ಲೂ ನಿಲ್ಲುತ್ತಿಲ್ಲ. ಕೈಯಲ್ಲಿ ಫೋಕಸ್ ಮಾಡೋಣ ಅಂದರೆ ಕಪ್ಪು ಬಂಡೆ ಯಾವುದು, ಕಪ್ಪು ಕರಡಿ ಯಾವುದು ಅಂತಲೇ ತಿಳಿಯುತ್ತಿಲ್ಲ. ಟೆಲಿಕನ್ವರ್ಟರ್ ಇಲ್ಲದೆ 1/250 ಸೆಕೆಂಡ್ ಸಿಗುತ್ತಿದ್ದ ಜಾಗದಲ್ಲಿ 1/60 ಸಿಗುತ್ತಿದೆ. 600 ಎಂಎಂ, ಕಟಕಟೆಗೆ ಒರಗಿಸಿದ ಕೈ, 1/60. ಏನಾಗಬಹುದು ಅಂತ ನೀವೇ ಊಹಿಸಿ. ನಲವತ್ತಕ್ಕೂ ಹೆಚ್ಚು ಫೋಟೋ ಹೊಡೆದೆ. ಅಷ್ಟೂ ಹೋಳಿಗೆ ಹಿಟ್ಟಿನಂತೆ ಮೆತ್ತಗೆ.

ವಾಪಸ್ ಬರುವಾಗ ಜೀಪಿನಲ್ಲಿ ಇವಳು ಕೇಳಿದಳು: "ಎರಡನೇ ಮರಿ ಬಂಡೆಯಿಂದ ಜಾರಿ ಬಿದ್ದು ಮತ್ತೆ ಅಮ್ಮನ ಕಾಲು ಹಿಡ್ಕೊಂಡು ಹತ್ತಿತಲ್ಲ, ನೋಡಿದ್ರಾ?"

ನೋಡಿರಲಿಲ್ಲ. ಫೋಟೋ ಹೋದದ್ದಕ್ಕೆ ಅಷ್ಟು ಬೇಜಾರಿಲ್ಲ ಕಣ್ರೀ. ಕರಡಿ ಮರಿ ಜಾರಿ ಬಿದ್ದದ್ದು ಎದುರಿಗೇ ಇದ್ದೂ ನೋಡಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಓದಿ ತಿಳಿದುಕೊಂಡೆ. ಆ ಕಾಲದ ಸಾಧಾರಣ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಎಫ್/5.6ರವರೆಗೆ ಮಾತ್ರ ನಂಬಿಕೆಗೆ ಅರ್ಹ. ಎಫ್/8ರಲ್ಲೂ ಫೋಕಸ್ ಮಾಡುವುದು ದುಬಾರಿ ಕ್ಯಾಮೆರಾಗಳ ಸೌಭಾಗ್ಯವಾಗಿತ್ತು. 2013ರ ನಿಕಾನ್ ಡಿ7100, 2014ರ ಕ್ಯಾನನ್ 7ಡಿ ಮಾರ್ಕ್ 2 ಬಂದ ಮೇಲೆ ಆ ಭಾಗ್ಯ ನಮ್ಮಂಥವರಿಗೂ ಸ್ವಲ್ಪ ಬಂತು, ಅದೂ ನಟ್ಟನಡುವಿನ ಒಂದೇ ಒಂದು ಬಿಂದುವಿನಲ್ಲಿ. ಎಫ್/11 ಅಂತೂ ಲೆಕ್ಕಕ್ಕೇ ಇಲ್ಲ. ಫೋಕಸ್ ಸಿಕ್ಕರೂ ವೇಗ ಇಳಿಯುತ್ತದೆ. ಕ್ಯಾನನ್‌ನವರ ಹಳೆಯ ಇಎಫ್ ಎಕ್ಸ್‌ಟೆಂಡರ್‌ಗಳಲ್ಲಿ 1.4ಕ್ಕೆ ಫೋಕಸ್ ವೇಗ ಅರ್ಧಕ್ಕೆ, 2ಕ್ಕೆ ಕಾಲು ಭಾಗಕ್ಕೆ ಇಳಿಯುವಂತೆ ಕಂಪನಿಯೇ ಮಾಡಿತ್ತು, ನಿಖರತೆ ಕೆಡಬಾರದು ಅಂತ.

"ಮಾಮ, ಅದೆಲ್ಲ ಹಳೇ ಕಥೆ. ಈಗ ಮಿರರ್‌ಲೆಸ್ ಬಂದಿದೆ" ಅನ್ನಬಹುದು ನೀವು. ನಿಜ. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಫೋಕಸ್ ನೋಡುವುದರಿಂದ ಎಫ್/5.6ರ ಆ ಗೆರೆ ಅಳಿಸಿಹೋಗಿದೆ. 2020ರಲ್ಲಿ ಕ್ಯಾನನ್ 600 ಮತ್ತು 800 ಎಂಎಂನ ಎರಡು ಲೆನ್ಸುಗಳನ್ನು ಎಫ್/11 ಅಪರ್ಚರಿನಲ್ಲೇ ಬಿಟ್ಟಿತು, ಆಟೋಫೋಕಸ್ ಆರಾಮಾಗಿ ನಡೆಯುತ್ತದೆ. ವ್ಯೂಫೈಂಡರ್ ಕೂಡ ಕತ್ತಲಾಗಲ್ಲ. ಹಾಗಾಗಿ "ಫೋಕಸ್ ಆಗಲ್ಲ" ಅನ್ನುವ ಹಳೆಯ ವಾದವನ್ನು ಹೊಸ ಕ್ಯಾಮೆರಾದವರ ಮುಂದೆ ಹೇಳಿದರೆ ನಗುತ್ತಾರೆ.

ಇನ್ನೊಂದು ವಾದವನ್ನೂ ನಾನೇ ತಿದ್ದಿಕೊಳ್ಳಬೇಕು. "ಟೆಲಿಕನ್ವರ್ಟರ್ ಬೆಳಕು ತಿನ್ನುತ್ತೆ, ಸುಮ್ಮನೆ ಕ್ರಾಪ್ ಮಾಡ್ಕೊಳ್ಳಿ" ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೀನಿ. ಅದು ಅರ್ಧ ಸತ್ಯ. ಶಟರ್ ವೇಗ ಒಂದೇ ಇಟ್ಟುಕೊಂಡರೆ, ಹಕ್ಕಿಯಿಂದ ಹೊರಟು ಲೆನ್ಸಿನ ಬಾಯಿ ಹೊಕ್ಕ ಬೆಳಕು ಎರಡು ಸಲವೂ ಅಷ್ಟೇ. ಕ್ರಾಪ್ ಮಾಡಿ ದೊಡ್ಡದು ಮಾಡಿದಾಗಲೂ ನೀರು ಬೆರೆಸಿದ್ದೇ ಆಯಿತು, ಲೋಟದ ಬದಲು ಚೊಂಬಿನಲ್ಲಿ. ಕೊನೆಗೆ ಒಂದೇ ಗಾತ್ರದಲ್ಲಿಟ್ಟು ನೋಡಿದರೆ ಎರಡರಲ್ಲೂ ನಾಯ್ಸ್ ಹೆಚ್ಚುಕಮ್ಮಿ ಒಂದೇ.

ಹಾಗಾದರೆ ವ್ಯತ್ಯಾಸ ಎಲ್ಲಿ? ಲೆನ್ಸಿನಲ್ಲಿ. ಲೆನ್ಸ್ ಚೂಪಾಗಿದ್ದು, ಸೆನ್ಸರ್ ಹಿಡಿಯಲಾರದಷ್ಟು ವಿವರ ಕೊಡುತ್ತಿದ್ದರೆ ಟೆಲಿಕನ್ವರ್ಟರ್ ಆ ವಿವರವನ್ನು ಹೊರಗೆಳೆಯುತ್ತದೆ, ಗರಿಯ ಗೆರೆ ಕಾಣುತ್ತದೆ. ಲೆನ್ಸೇ ತುದಿಯಲ್ಲಿ ಮೆತ್ತಗಿದ್ದರೆ ಆ ಮೆತ್ತಗಿನದನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಅಗ್ಗದ 70-300ಗಳು ಸಾಮಾನ್ಯವಾಗಿ ಮೆತ್ತಗಾಗುವುದೇ 300ರ ತುದಿಯಲ್ಲಿ. ನಾವು ಟೆಲಿಕನ್ವರ್ಟರ್ ಹಾಕುವುದೂ ಅದೇ ತುದಿಗೆ!

ಅಂಗಡಿಯವನ ಮಾತೂ ಬೇಡ, ನನ್ನ ಮಾತೂ ಬೇಡ. ಸ್ನೇಹಿತರಿಂದ ಒಂದು ದಿನಕ್ಕೆ ಇಸಕೊಂಡು ಬನ್ನಿ. ಬೆಳಿಗ್ಗೆ ಗಾಳಿ ಇಲ್ಲದಾಗ ಟ್ರೈಪಾಡ್ ಹಾಕಿ ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿನ ಅಕ್ಷರಗಳನ್ನು ಟೆಲಿಕನ್ವರ್ಟರ್ ಹಾಕಿ ಒಂದು, ಹಾಕದೆ ಒಂದು ತೆಗೆಯಿರಿ. ಎರಡನೆಯದನ್ನು ಕ್ರಾಪ್ ಮಾಡಿ ಮೊದಲಿನದರ ಅಳತೆಗೆ ಹಿಗ್ಗಿಸಿ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಯಿತು. 24 ಮೆಗಾಪಿಕ್ಸೆಲ್ ಚಿತ್ರವನ್ನು 2 ಎಕ್ಸ್‌ನಷ್ಟು ಕ್ರಾಪ್ ಮಾಡಿದರೂ 6 ಮೆಗಾಪಿಕ್ಸೆಲ್ ಉಳಿಯುತ್ತದೆ, ಎ4 ಪ್ರಿಂಟಿಗೆ ಸಾಕು. ನಾವೆಲ್ಲ ಮೊದಲು ಕೊಂಡ ಡಿಎಸ್‌ಎಲ್‌ಆರ್‌ಗಳಲ್ಲಿ ಹಲವು ಅಷ್ಟೇ ಮೆಗಾಪಿಕ್ಸೆಲ್ಲಿನವು, ಮರೆತಿರಾ?

ಝೂಮ್ ಲೆನ್ಸುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು:

70-200 ಎಫ್/2.8 ಇದ್ದರೆ 1.4 ಎಕ್ಸ್ ಕಣ್ಣುಮುಚ್ಚಿ ಕೊಳ್ಳಿ. 98-280 ಎಫ್/4 ಸಿಗುತ್ತದೆ, ಚೆನ್ನಾಗಿರುತ್ತದೆ. 2 ಎಕ್ಸ್ ಹಾಕಿದರೆ 140-400 ಎಫ್/5.6, ಪರವಾಗಿಲ್ಲ.

100-400 ಥರದ, ತುದಿಯಲ್ಲಿ ಎಫ್/5.6 ಇರುವ ಒಳ್ಳೆಯ ಝೂಮ್ ಇದ್ದರೆ 1.4 ಮಾತ್ರ. 560 ಎಫ್/8. ಬಿಸಿಲಿದ್ದಾಗ ಹಾಕಿ, ಮೋಡವಾದರೆ ಬಿಚ್ಚಿ ಚೀಲಕ್ಕೆ ಹಾಕಿ.

150-600, 200-600 ಥರದ ಎಫ್/6.3ರ ಲೆನ್ಸುಗಳಿಗೆ 1.4 ಹಾಕಿದರೆ 840 ಎಫ್/9. ಅಷ್ಟು ದೂರದಲ್ಲಿ ನಮ್ಮ ಹಗಲು ಹತ್ತು ಗಂಟೆಯ ನಂತರ ನೆಲದ ಕಾವಿಗೆ ಗಾಳಿಯೇ ಕುಣಿಯುತ್ತಿರುತ್ತದೆ. ಆ ಅಲೆಯನ್ನು ಯಾವ ಗಾಜೂ ಸರಿಮಾಡಲ್ಲ.

70-300, 55-250 ಥರದವಕ್ಕೆ ಬೇಡವೇ ಬೇಡ.

ಝೂಮಿನವರಿಗೆ ಇನ್ನೊಂದು ಪೇಚಿದೆ. ನಾವು ಝೂಮ್ ಕೊಳ್ಳುವುದೇ ದೂರದ್ದಕ್ಕೂ ಹತ್ತಿರದ್ದಕ್ಕೂ ಆಗಲಿ ಅಂತ. ಟೆಲಿಕನ್ವರ್ಟರ್ ಹಾಕಿದ ಕೂಡಲೇ ಹತ್ತಿರದ ತುದಿ ಹೋಗುತ್ತದೆ. ಕ್ಯಾನನ್‌ನ ಆರ್‌ಎಫ್ 100-500ಕ್ಕಂತೂ ಎಕ್ಸ್‌ಟೆಂಡರ್ ಹಾಕಬೇಕಾದರೆ ಝೂಮನ್ನು 300ರ ಆಚೆ ತಳ್ಳಲೇಬೇಕು, ಆಮೇಲೆ ಅದರಿಂದ ಕೆಳಗೆ ಬರುವ ಹಾಗಿಲ್ಲ. 1.4ರ ಜೊತೆ 420ರಿಂದ 700 ಅಷ್ಟೇ. ಸಫಾರಿ ಜೀಪಿನ ಪಕ್ಕಕ್ಕೇ ಆನೆ ಬಂದರೆ ಕಿವಿಯ ಚಿತ್ರ ತೆಗೆಯಬೇಕು. ಬಿಚ್ಚೋಣ ಅಂದರೆ ಆ ಧೂಳಿನಲ್ಲಿ ಎರಡು ಕಡೆ ಬಾಯಿ ತೆರೆಯಬೇಕು. ಇದಕ್ಕೇ ಕ್ಯಾನನ್ 2013ರಲ್ಲಿ 200-400 ಎಫ್/4 ಲೆನ್ಸಿನ ಒಳಗೇ 1.4 ಎಕ್ಸ್ ಇಟ್ಟು ಒಂದು ಸನ್ನೆ ಕೊಟ್ಟಿತು, ನಿಕಾನ್ 2018ರಲ್ಲಿ 180-400ರಲ್ಲಿ ಹಾಗೇ ಮಾಡಿತು. ಬೆಲೆ ಕೇಳಬೇಡಿ, ಆ ದುಡ್ಡಿಗೆ ಕಾರು ಬರುತ್ತದೆ.

ಒಂದು ಒಳ್ಳೆಯ ಗುಣವನ್ನೂ ಹೇಳಿಬಿಡ್ತೀನಿ. ಟೆಲಿಕನ್ವರ್ಟರ್ ಹಾಕಿದರೂ ಲೆನ್ಸ್ ಎಷ್ಟು ಹತ್ತಿರಕ್ಕೆ ಫೋಕಸ್ ಮಾಡುತ್ತಿತ್ತೋ ಅಷ್ಟೇ ಹತ್ತಿರಕ್ಕೆ ಮಾಡುತ್ತದೆ. ಹಾಗಾಗಿ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೆ ಇದು ಬಹಳ ಒಳ್ಳೆಯದು. ಮೇಲೆ ಬಗ್ಗಿ ನೆರಳು ಬೀಳಿಸದೆ ದೊಡ್ಡದಾಗಿ ತೆಗೆಯಬಹುದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ "ಟೆಲಿಕನ್ವರ್ಟರ್ ಬೇಡ, ಹತ್ತಿರ ಹೋಗಿ" ಅನ್ನುವ ಉಪದೇಶವಾಗುತ್ತಿತ್ತು. ಆದರೆ ಆ ಎರಡನೇ ಅರ್ಧ ಇದೆಯಲ್ಲ, "ಹತ್ತಿರ ಹೋಗಿ" ಅನ್ನುವುದು, ಅದರ ಬಗ್ಗೆಯೇ ನನಗೆ ಹೇಳಬೇಕಿರುವುದು.

ದರೋಜಿಯ ಸಿಟ್ಟಿಗೆ ಟೂ ಎಕ್ಸನ್ನು ಬೀರುವಿನೊಳಗೆ ಹಾಕಿಟ್ಟು, ಇನ್ನು ಮೇಲೆ ಹತ್ತಿರ ಹೋಗಿಯೇ ತೆಗೀತೀನಿ ಅಂತ ಶಪಥ ಮಾಡಿದ್ದೆ. 2012ರ ಏಪ್ರಿಲ್. ನಮ್ಮೂರ ಕೆರೆ ಅರ್ಧ ಬತ್ತಿತ್ತು. ಅಂಗಳದಲ್ಲಿ ಟಿಟ್ಟಿಭವೊಂದು ಕಲ್ಲುಗಳ ಮಧ್ಯೆ ನಾಲ್ಕು ಮೊಟ್ಟೆ ಇಟ್ಟಿತ್ತು. ಅದೇ, ಮನುಷ್ಯರ ಕಂಡ ಕೂಡಲೇ ಊರೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆಯುವ ಹಕ್ಕಿ. ನಾನು ಹತ್ತು ಹನ್ನೆರಡು ಅಡಿ ದೂರದಲ್ಲಿ ಮಲಗಿ ಕಾದೆ. ಹಕ್ಕಿ ಬಂದು ಕೂರಲಿ, ತೆಗೀತೀನಿ ಅಂತ. ಅದು ಕೂರಲಿಲ್ಲ. ಗಂಡು ಹೆಣ್ಣು ಎರಡೂ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚಿದವು. "ಹೊಂದಿಕೊಳ್ಳುತ್ತೆ ಬಿಡು" ಅಂದುಕೊಂಡು ಮುಕ್ಕಾಲು ಗಂಟೆ ಮಲಗೇ ಇದ್ದೆ. ಹನ್ನೊಂದು ಗಂಟೆಯ ಬಿಸಿಲು.

ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ಹೇಳಿದರು: "ಎದ್ ಬನ್ನಿ ಸ್ವಾಮಿ. ಅದು ಕೂತ್ಕಳ್ಳಿ. ಬಿಸ್ಲಿಗೆ ಮೊಟ್ಟೆ ಬೆಂದೋಯ್ತವೆ."

ಎದ್ದು ಬಂದೆ. ಬೇಸಿಗೆಯಲ್ಲಿ ಟಿಟ್ಟಿಭ ಕೂರುವುದು ಮೊಟ್ಟೆಗೆ ಕಾವು ಕೊಡಲಿಕ್ಕಷ್ಟೇ ಅಲ್ಲ, ನೆರಳು ಕೊಡಲಿಕ್ಕೂ ಹೌದು, ಹೊಟ್ಟೆಯ ಗರಿಯನ್ನು ನೀರಿನಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ತಣ್ಣಗಿಡುತ್ತದೆ ಅನ್ನುವುದನ್ನೆಲ್ಲ ಆಮೇಲೆ ಓದಿದೆ. ಮುಂದಿನ ವಾರ ಹೋದಾಗ ಮೊಟ್ಟೆಗಳಿರಲಿಲ್ಲ, ಮರಿಗಳೂ ಕಾಣಲಿಲ್ಲ. ನಾಯಿಯೋ, ಮುಂಗುಸಿಯೋ, ಕಾಗೆಯೋ, ನಾನೋ. ಗೊತ್ತಿಲ್ಲ. ಆ ಫೋಟೋಗಳನ್ನು ಅಳಿಸಿಹಾಕಿದೆ. ಅಳಿಸಿದರೆ ಏನು ಬಂತು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೇನು ಅಂತ ವಿವರಿಸುವ ಕಡೆ, ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದ್ದಾರೆ. ಕೋವಿ ಹಿಡಿದರೆ ಮಾತ್ರ ಬೇಟೆ ಅಂದುಕೊಂಡಿದ್ದೆ ನಾನು.

ಈಗ ಟೆಲಿಕನ್ವರ್ಟರಿಗೆ ವಾಪಸ್ ಬರೋಣ. 10 ಮೀಟರ್ ದೂರದಿಂದ ಸಿಗುವ ಹಕ್ಕಿಯ ಗಾತ್ರವೇ 1.4 ಎಕ್ಸ್ ಹಾಕಿದರೆ 14 ಮೀಟರಿನಿಂದ ಸಿಗುತ್ತದೆ. ಆ ನಾಲ್ಕು ಮೀಟರ್ ನಮಗೆ ನಾಲ್ಕೈದು ಹೆಜ್ಜೆ. ಹಕ್ಕಿಗೆ ಎಷ್ಟೋ ಸಲ ಅದು ಕೂರುವುದಕ್ಕೂ ಏಳುವುದಕ್ಕೂ ನಡುವಿನ ಗೆರೆ. ನಾವೆಲ್ಲ ಈ ಗಾಜನ್ನು "ದೂರದ್ದನ್ನು ಹತ್ತಿರ ತರುತ್ತೆ" ಅಂತ ಕೊಳ್ಳುತ್ತೇವೆ. ಆ ಕೆಲಸದಲ್ಲಿ ಅದು ಸೋಲುತ್ತದೆ. ತೀರಾ ದೂರದ್ದು ಟೆಲಿಕನ್ವರ್ಟರ್ ಹಾಕಿದರೂ ದೂರವೇ, ಜೊತೆಗೆ ಮಸುಕು. ಆದರೆ ತೆಗೆಯಬಹುದಾದಷ್ಟು ಹತ್ತಿರದಲ್ಲಿ ಇರುವುದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯಲಿಕ್ಕೆ ಅದು ನಿಜವಾಗಿ ಒದಗುತ್ತದೆ. ಕೊಳ್ಳುವುದಾದರೆ ಇದಕ್ಕೆ ಕೊಳ್ಳಿ ಅನ್ನುವುದು ನನ್ನ ವಾದ.

ನನ್ನ ಹತ್ತಿರ ಈಗ ಒಂದು 100-400, ಒಂದು 1.4 ಎಕ್ಸ್ ಇವೆ. ಎರಡು ವರ್ಷದ ಹಿಂದೆ ಅದೇ ಕೆರೆಯಂಗಳದಲ್ಲಿ, ಈ ಸಲ ಕಾರಿನೊಳಗೇ ಕೂತು, ಕಿಟಕಿಯ ಮೇಲೆ ಅಕ್ಕಿಚೀಲದ ದಿಂಬು ಇಟ್ಟು, ದೂರದಿಂದ ನೋಡಿದೆ. ಗೂಡೇನೂ ಅಲ್ಲ, ಸುಮ್ಮನೆ ನೀರಂಚಿನಲ್ಲಿ ಓಡಾಡುತ್ತಿದ್ದ ಟಿಟ್ಟಿಭ. ಫ್ರೇಮಿನಲ್ಲಿ ಚಿಕ್ಕದಾಗಿಯೇ ಇದೆ. ಅದು ಒಮ್ಮೆಯೂ ಕೂಗಲಿಲ್ಲ. ನೀರಿಗಿಳಿದು ಹೊಟ್ಟೆ ಒದ್ದೆ ಮಾಡಿಕೊಂಡು, ಮೈ ಕೊಡವಿ, ಎಲ್ಲಿಗೋ ಗಡಿಬಿಡಿಯಲ್ಲಿ ಹೋಯಿತು. ಎಲ್ಲಿಗೆ ಅಂತ ನಾನು ಹಿಂಬಾಲಿಸಿ ನೋಡಲಿಲ್ಲ.

ಹಾಗಾಗಿ ಅಳಿಯ ಮಹಾಶಯ, ನಿನ್ನ 70-300ಕ್ಕೆ ಟೂ ಎಕ್ಸ್ ಬೇಡ. ಆ ದುಡ್ಡಿನಲ್ಲಿ ಒಂದು ಬೈನಾಕ್ಯುಲರ್ ತಗೋ. ಬರುವ ಫೆಬ್ರವರಿಯಲ್ಲಿ ಮದ್ದೂರಿನ ಕೊಕ್ಕರೆ ಬೆಳ್ಳೂರಿಗೆ ಹೋಗು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ರಾಗಿ ಒಣಗಿಸಿಕೊಂಡಿರುತ್ತಾರೆ. ನಿನ್ನ ಲೆನ್ಸೇ ಹೆಚ್ಚಾಗುತ್ತದೆ. ಆ ಊರಿನವರು ಹಕ್ಕಿಯ ಜೊತೆ ಹೇಗಿದ್ದಾರೆ ಅಂತಲೂ ನೋಡಿ ಬಾ. ಮುಂದೆ ಒಳ್ಳೆಯ ಲೆನ್ಸ್ ಕೊಂಡ ದಿನ ನನ್ನ 1.4 ನಿನಗೇ. ಹಿಂದೆ ಸರಿದು ನಿಲ್ಲಲಿಕ್ಕೆ ಬಳಸ್ತೀನಿ ಅಂತ ಮಾತು ಕೊಟ್ಟರೆ ಮಾತ್ರ.

ಅಂದಹಾಗೆ ಆ ಹಳೆಯ ಟೂ ಎಕ್ಸ್ ಇನ್ನೂ ಬೀರುವಿನಲ್ಲೇ ಇದೆ. ಮಾರೋಣ ಅಂದರೆ ಮನಸ್ಸಾಗಲ್ಲ, ಯಾರ ಕರಡಿ ಮರಿಯನ್ನು ತಪ್ಪಿಸುತ್ತದೋ ಏನೋ :-)

ನಿಮ್ಮಲ್ಲಿ ಯಾರಾದರೂ 70-300ಕ್ಕೆ ಟೂ ಎಕ್ಸ್ ಹಾಕಿ ಒಳ್ಳೆಯ ಫೋಟೋ ತೆಗೆದಿದ್ದರೆ ದಯವಿಟ್ಟು ತೋರಿಸಿ. ನನ್ನ ಮಾತು ಸುಳ್ಳಾದರೆ ನನಗೇನೂ ಬೇಜಾರಿಲ್ಲ.